ಮಾಲು ಅಂದ್ರೆ ರಾಶಿಯೋ ಚಾಲಿಯೋ?

ಓದುಗರ ಪತ್ರ: ಹೋದ ಸಂಚಿಕೇಲಿ ಬೆಂಗಳೂರಿನ ಫೋರಂ ಮಾಲ್ ಶುರುವಾದ ದಿನಗಳ ನೆನಪು ಅಂತ ನಾಲ್ಕು ಪುಟ ಹಾಕಿದ್ದೀರಿ. ಉತ್ತರ ಕನ್ನಡದ ಪತ್ರಿಕೆಗೆ ಅದು ಯಾಕೆ ಬೇಕಿತ್ತು? ನಿನ್ನೆ ಮೊನ್ನೆ ಕಟ್ಟಿದ ಅಂಗಡಿಗೆ ಎಂಥ ನೆನಪು? ದುಡ್ಡು ಖಾಲಿ ಮಾಡೋ ಜಾಗ ಅದು. ನಮ್ಮ ಸಂತೆ ಬಗ್ಗೆ, ಜಾತ್ರೆ ಬಗ್ಗೆ ಬರೆಸಿ. ಆ ಕಾಲ ಮತ್ತೆ ಬರೋದಿಲ್ಲ.
– ನಿವೃತ್ತ ಮಾಸ್ತರು, ಕುಮಟಾ

ಸಂಪಾದಕರ ಉತ್ತರ:

ಮಾಸ್ತರೇ, ನಮಸ್ಕಾರ. ಇನ್‌ಲ್ಯಾಂಡ್ ಲೆಟರಲ್ಲಿ, ಅದೂ ಅಂಟು ಹಚ್ಚೋ ಅಂಚನ್ನೂ ಬಿಡದೆ ಅಡ್ಡಡ್ಡ ಬರೆದು ಕಳ್ಸೋ ಓದುಗರು ನಮಗೆ ಉಳಿದಿರೋದು ಬೆರಳೆಣಿಕೆ ಮಂದಿ, ಅದಕ್ಕೇ ಮೇಲೆ ಅಚ್ಚು ಮಾಡಿದ್ದು ಕಾಲು ಭಾಗ ಆದ್ರೂ ನಾನು ಪೂರ್ತಿ ಎರಡು ಸಲ ಓದಿದೀನಿ. ಅಕ್ಷರ ಎಷ್ಟು ಚಂದ. ಬೈಗುಳಾನೂ ದುಂಡಗೆ ಬರೀತೀರಿ.

ನೀವು ಹೇಳಿದ್ರಲ್ಲಿ ಸುಳ್ಳಿಲ್ಲ ಅಂತ ಮೊದ್ಲೇ ಒಪ್ಕೋತೀನಿ. ಮಾಲು ಬಂದ ಕಡೆ ಸುತ್ತಲಿನ ಬಾಡಿಗೆ ಏರತ್ತೆ, ಸಣ್ಣ ಅಂಗಡಿಯವನ ಹೊಟ್ಟೆ ಮೇಲೆ ಹೊಡ್ತ ಬೀಳತ್ತೆ, ಹತ್ತು ರೂಪಾಯಿ ಜೋಳದ ಅರಳು ಸಿನಿಮಾ ಟಿಕೆಟಿನ ಜೊತೆ ಪೈಪೋಟಿಗೆ ಇಳಿಯತ್ತೆ. ಸರಿ, ಆಯ್ತು. ಆದ್ರೆ "ನಿನ್ನೆ ಮೊನ್ನೆ ಕಟ್ಟಿದ ಅಂಗಡಿಗೆ ಎಂಥ ನೆನಪು" ಅಂದ್ರಲ್ಲ, ಆ ಮಾತಿಗೆ ಮಾತ್ರ ನಾನು ನಿಮ್ಮನ್ನ ಇವತ್ತು ಬಿಡೋದಿಲ್ಲ.

ಆ ಲೇಖನ ಬರೆದೋಳು ಯಲ್ಲಾಪುರ ಕಡೆ ಹುಡುಗಿ. ಈಗ ಹುಡುಗಿ ಅಂದ್ರೆ ನಗ್ತಾಳೆ, ಅವಳ ಮಗ ಹೈಸ್ಕೂಲು. 2004ರಲ್ಲಿ ಫೋರಂ ಬಾಗಿಲು ತೆಗೆದಾಗ ಅವಳು ಮಡಿವಾಳದ ಪಿಜೀಲಿ ಇದ್ಲು, ರಾತ್ರಿ ಪಾಳಿ ಕಾಲ್ ಸೆಂಟರು. ಹೊಸೂರು ರೋಡಲ್ಲಿ ಗಾಜು ಗಾಜಿನ ಬಿಲ್ಡಿಂಗು, ಒಳಗೆ ಒಂದೇ ಸೂರಿನಡಿ ಹನ್ನೊಂದು ಪರದೆಯ ಪಿವಿಆರ್, ನಮ್ಮ ಕಡೆಯೋರಿಗೆ ಹನ್ನೊಂದು ಟಾಕೀಸು ಅಂದ್ರೆ ಎರಡು ಮೂರು ತಾಲೂಕಿಂದು ಸೇರಿಸಿದ್ರೂ ಕಷ್ಟ. ರಜೆ ದಿನ ಬಸ್ಸು ಹಿಡಿದು ಅಲ್ಲಿಗೆ ಹೋಗಿ ಏನು ತಗೋತಿದ್ಲು? ಏನೂ ಇಲ್ಲ. ಲ್ಯಾಂಡ್‌ಮಾರ್ಕ್ ಪುಸ್ತಕದಂಗಡೀಲಿ ನೆಲದ ಮೇಲೆ ಕೂತು ಒಂದು ಕಾದಂಬರೀನ ಐದು ಭಾನುವಾರದಲ್ಲಿ ಓದಿ ಮುಗಿಸಿದ್ಲಂತೆ, ಪುಟದ ನಂಬರು ಅಂಗೈ ಮೇಲೆ ಪೆನ್ನಲ್ಲಿ ಬರ್ಕೊಂಡು ವಾಪಸ್ ಬರೋದು. ಅಂಗಡಿ ಹುಡುಗನಿಗೆ ಗೊತ್ತಿತ್ತಂತೆ, ಆ ಪುಸ್ತಕಾನ ಅವನೇ ಕೆಳಗಿನ ಕಪಾಟಲ್ಲಿ ಹಿಂದಕ್ಕೆ ಸರಿಸಿ ಇಡ್ತಿದ್ದ. ಈಗ ಆ ಪುಸ್ತಕದಂಗಡಿ ಇಲ್ಲ, ಮಾಲಿಗೂ ನೆಕ್ಸಸ್ ಅಂತ ಬೇರೆ ಹೆಸ್ರು. ಇಷ್ಟು ಸಾಕಲ್ವಾ ಮಾಸ್ತರೇ, ಒಂದು ಜಾಗಕ್ಕೆ ಇತಿಹಾಸ ಆಯ್ತು ಅನ್ನೋಕೆ? ಹುಟ್ಟಿ, ಹೆಸರು ಮಾಡಿ, ಹೆಸರು ಕಳ್ಕೊಂಡೂ ಆಯ್ತು.

ಅವಳ ಲೇಖನದಲ್ಲಿ ಒಂದು ಪ್ಯಾರಾನ ಜಾಗ ಸಾಲದೆ ನಾನೇ ಕತ್ತರಿಸಿದ್ದೆ, ತಪ್ಪಾಯ್ತು, ಈಗ ಹೇಳ್ತೀನಿ ಕೇಳಿ. ಮೊದಲನೇ ಸಲ ಅಲ್ಲಿಂದ ಮನೆಗೆ ಫೋನ್ ಮಾಡಿ "ಅಪ್ಪಯ್ಯ, ಆನೀಗ ಮಾಲಲ್ಲಿದ್ದಿ" ಅಂದ್ಲಂತೆ. ಅಡಿಕೆ ಬೆಳೆಗಾರ ಅಪ್ಪ, ಅವರಿಗೆ ಮಾಲು ಅಂದ್ರೆ ಒಂದೇ, ಮಾರೋ ಅಡಿಕೆ; ಬೇಯಿಸಿ ಒಣಗಿಸಿದ ಕೆಂಪಡಿಕೆ ರಾಶಿ, ಹಣ್ಣಡಿಕೆ ಒಣಗಿಸಿ ಸುಲಿದದ್ದು ಚಾಲಿ. "ಎಂತ ಮಾಲೇ ಕೂಸೇ, ರಾಶಿಯೋ ಚಾಲಿಯೋ?" ಅಂದ್ರಂತೆ. ಬೆಂಗಳೂರಿಗೆ ಹೋದ ಮಗಳು ಯಾವ್ದೋ ಅಡಿಕೆ ಮಂಡೀಲಿ ಕೆಲಸಕ್ಕೆ ಸೇರ್ಕಂಡಿದಾಳೆ ಅಂತ ಊರೆಲ್ಲ ಎರಡು ತಿಂಗಳು ಮಾತಾಡಿದ್ರಂತೆ! ಈ ಪ್ಯಾರಾ ಓದಿದ್ರೆ ನೀವು ಪತ್ರ ಬರೀತಿರ್ಲಿಲ್ಲ ಅನ್ಸತ್ತೆ, ಅಥವಾ ಇನ್ನೂ ಉದ್ದ ಬರೀತಿದ್ರಿ.

ನಂದೂ ಒಂದಿದೆ. ಬೆಂಗಳೂರಿನ ಬೇರೊಂದು ಮಾಲು, ಹೆಸರು ಬೇಡ. ಮಾವನನ್ನ ಕರ್ಕೊಂಡು ಹೋಗಿದ್ದೆ, ನನ್ನ ಹೆಂಡ್ತಿ ಅಪ್ಪ, ಶಿರಸಿ ಹತ್ತಿರದ ಹಳ್ಳಿಯೋರು, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಸೊಂಟಕ್ಕೆ ಎಲೆಅಡಿಕೆ ಕವಳದ ಸಂಚಿ. ಬಾಗಿಲಲ್ಲಿ ಪೀಂ ಅಂತು. ಸಂಚಿ ಬಿಚ್ಚಿಸಿದ್ರು. ಎಲೆ, ಸುಣ್ಣದ ಡಬ್ಬಿ, ಹೊಗೆಸೊಪ್ಪು, ಕೊನೆಗೆ ಅಡಿಕೆ ಕತ್ತರಿಸೋ ಅಡ್ಕತ್ರಿ. ಕಾವಲಿನ ಹುಡುಗ ಯಾವ ರಾಜ್ಯದವನೋ ಏನೋ, ಅಡ್ಕತ್ರಿ ಅನ್ನೋದನ್ನ ಜನ್ಮದಲ್ಲಿ ನೋಡಿಲ್ಲ, ಬಿಡಿಸ್ತಾನೆ, ಮುಚ್ತಾನೆ, ಮತ್ತೆ ಬಿಡಿಸ್ತಾನೆ. ಮಾವ "ತಮಾ, ಅಡ್ಕತ್ರಿ ಅಲ್ದನಾ ಅದು, ಅಡ್ಕೆ, ಅಡ್ಕೆ" ಅಂತ ಹಲ್ಲು ತೋರ್ಸಿ ತೋರ್ಸಿ ಹೇಳಿದ್ರೂ ನಡೀಲಿಲ್ಲ. ಪಾಪ ಅವನ ತಪ್ಪೇನೂ ಇಲ್ಲ ಬಿಡಿ. ಕೌಂಟರಲ್ಲಿ ಇಟ್ಕೊಂಡು ಒಂದು ಪ್ಲಾಸ್ಟಿಕ್ ಟೋಕನ್ ಕೊಟ್ರು. ಆಮೇಲೆ ಒಳಗೆ ಓಡೋ ಮೆಟ್ಲು ಹತ್ರ ನಿಂತು ಮಾವ ಅದನ್ನೇ ಐದು ನಿಮಿಷ ನೋಡಿದ್ರು, ಮೆಟ್ಲು ಹುಟ್ಟೋ ಜಾಗ, ಮೆಟ್ಲು ಮಾಯ ಆಗೋ ಜಾಗ. ಹತ್ತಲಿಲ್ಲ. ಬಾಯಲ್ಲಿ ಕವಳ ಬೇರೆ. ಎಲ್ಲಿ ನೋಡಿದ್ರೂ ಕನ್ನಡಿ ಥರ ನೆಲ. ಕೊನೆಗೆ ನನ್ನ ಕಿವಿ ಹತ್ರ ಬಂದು ಮೂಗಲ್ಲೇ "ಉಗಿಯಲೆ ಒಂದ್ ಜಾಗ ಇಲ್ಯಲಾ ಇಲ್ಲಿ" ಅಂದ್ರು ನೋಡಿ, ಇಷ್ಟು ಕೋಟಿ ಸುರಿದು ಕಟ್ಟಿದ ಬಿಲ್ಡಿಂಗನ್ನ ಅಷ್ಟು ಸಣ್ಣ ಮಾತಲ್ಲಿ ಅಳೆದ ವಿಮರ್ಶಕರನ್ನ ನಾನು ಇನ್ನೂ ನೋಡಿಲ್ಲ. ಹೊರಗೆ ಬರೋ ಗಡಿಬಿಡೀಲಿ ಅಡ್ಕತ್ರಿ ಸಿಕ್ತು, ಟೋಕನ್ ವಾಪಸ್ ಕೊಡೋದು ಮರ್ತೋಯ್ತು. ಮಾವ ಹೋಗಿ ಆರು ವರ್ಷ ಆಯ್ತು. ಟೋಕನ್ ಅದೇ ಸಂಚೀಲಿದೆ.

ಈಗ ನಿಮ್ಮೂರಿಗೆ ಬರ್ತೀನಿ. ಕುಮಟಾ ಪೇಟೆ ಏನು ಆದಿಕಾಲದಿಂದ ಹಂಗೇ ಇತ್ತು ಅಂದ್ಕೊಂಡ್ರಾ? ಅಮೇರಿಕಾದಲ್ಲಿ 1861ರಿಂದ 65ರ ತನಕ ಒಳಜಗಳದ ಯುದ್ಧ ನಡೀತು, ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗೋದು ನಿಂತೋಯ್ತು, ಮಿಲ್ಲಿನವರು ಎಲ್ಲಿ ಹತ್ತಿ ಅಂತ ಹುಡುಕಿದಾಗ ಹುಬ್ಬಳ್ಳಿ ಧಾರವಾಡ ಸೀಮೆ ಹತ್ತಿ ಎತ್ತಿನ ಗಾಡೀಲಿ ಘಟ್ಟ ಇಳಿದು ನಿಮ್ಮೂರ ಬಂದರಿಗೆ ಬಂತು. ಬೆಳೆದಿದ್ದು ಬಯಲುಸೀಮೇಲಿ, ಪರದೇಶದಲ್ಲಿ ಹೆಸ್ರು ಮಾತ್ರ ಕುಮ್ಟಾ ಹತ್ತಿ! 1862ರಲ್ಲಿ ಈ ಜಿಲ್ಲೇನ ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೂ ಹತ್ತಿಯವರ ಒತ್ತಾಯ ಇತ್ತು, ಕಾರವಾರ ಬಂದರಿನ ಕನಸೂ ಅದರದ್ದೇ. ಆಮೇಲೆ 1880ರ ದಶಕದಲ್ಲಿ ಮರ್ಮಗೋವಾಕ್ಕೆ ರೈಲು ಆಗಿದ್ದೇ ಸರಕೆಲ್ಲ ಆ ಕಡೆ ತಿರುಗ್ತು, ಎರಡೂ ಊರಿನ ಬಂದರು ಸೊರಗ್ತು. ಅಂದ್ರೆ ಏನಾಯ್ತು, ಹೊರಗಿನ ದುಡ್ಡು ದಿಢೀರ್ ಬಂತು, ಪೇಟೆ ಉಬ್ತು, ಆಮೇಲೆ ಇಳೀತು. ಆ ಹೊತ್ತಲ್ಲಿ ಯಾರೋ ಒಬ್ಬ ಹಿರಿಯ "ಇದೆಂಥ ಪೇಟೆ, ದುಡ್ಡಿನವರ ಆಟ" ಅಂತ ಬೈದೇ ಬೈದಿರ್ತಾನೆ. ಅವನು ಬೈದಿದ್ದಾದ್ರೂ ಬರೆದಿಟ್ಟಿದ್ರೆ ನಮಗೆ ಎಷ್ಟು ಉಪಕಾರ ಆಗ್ತಿತ್ತು! ಯಾವ ಗೋದಾಮು ಎಲ್ಲಿತ್ತು, ಗಾಡಿಯವರು ಎಲ್ಲಿ ಎತ್ತು ಬಿಚ್ತಿದ್ರು, ಚಾ ಇರಲಿಲ್ಲ ಅಂದ್ರೆ ಏನು ಕುಡೀತಿದ್ರು, ಒಂದಕ್ಷರ ಸಿಗೋಲ್ಲ ಅಂಗಡಿಯವರ ಬಾಯಿಂದ. ಸಿಗೋದೆಲ್ಲ ಸರ್ಕಾರಿ ಲೆಕ್ಕ, ಇಷ್ಟು ಮೂಟೆ, ಇಷ್ಟು ಸುಂಕ.

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ಟನ್ನ ಈಗ ಪಾರಂಪರಿಕ ಕಟ್ಟಡ ಅಂತ ಕ್ಯಾಮೆರಾ ಹಿಡ್ಕೊಂಡು ನೋಡೋಕೆ ಹೋಗ್ತಾರೆ, 1927ರಲ್ಲಿ ಅದೂ ಹೊಸ ಶಾಪಿಂಗ್ ಸೆಂಟರೇ. ಎಂ.ಜಿ. ರೋಡಿನ 25 ಮಹಡಿ ಯುಟಿಲಿಟಿ ಬಿಲ್ಡಿಂಗ್ ಎದುರು ನಿಂತು ನಾನೇ ಚಿಕ್ಕವನಿದ್ದಾಗ ಮಹಡಿ ಎಣಿಸಿದೀನಿ, ಒಂದ್ಸಲ 24 ಬಂತು ಒಂದ್ಸಲ 26, ಅದೂ ನೆನಪೇ ಅಲ್ವಾ.

ನನ್ನ ನಿಜವಾದ ಸಿಟ್ಟು ನಿಮ್ಮ ಮೇಲಿಲ್ಲ ಮಾಸ್ತರೇ, ಅದು ನಮ್ಮ ಸ್ಮರಣ ಸಂಚಿಕೆಗಳ ಮೇಲೆ. ವರ್ಷಕ್ಕೆ ಹತ್ತು ಹದಿನೈದಾದ್ರೂ ಈ ಟೇಬಲ್ಲಿಗೆ ಬಂದು ಬೀಳ್ತವೆ. ಮೊದಲ ಇಪ್ಪತ್ತು ಪುಟ ಶುಭ ಸಂದೇಶ, ಕೈ ಮುಗಿದ ಫೋಟೋ. ಆಮೇಲೆ ಬನವಾಸಿ, ಕದಂಬರು, ದೇವಸ್ಥಾನ, ಶಾಸನ. ಅದು ಬೇಡ ಅಂತ ನಾನು ಹೇಳ್ತಿಲ್ಲ, ಆದ್ರೆ ಊರಲ್ಲಿ ಮೊದ್ಲು ಎಸ್‌ಟಿಡಿ ಬೂತ್ ಇಟ್ಟೋರು ಯಾರು, ಕ್ಯಾಸೆಟ್ ಅಂಗಡಿ ಎಲ್ಲಿತ್ತು, ಫ್ರಿಜ್ಜಿನ ಸೋಡಾ ಮೊದ್ಲು ಯಾರ ಅಂಗಡೀಲಿ ಸಿಕ್ತು? ಹೈವೇ ಅಗಲ ಮಾಡಿದಾಗ ಕರಾವಳಿ ಉದ್ದಕ್ಕೂ ಎಷ್ಟೋ ಅಂಗಡಿಸಾಲು ನೆಲಸಮ ಆಯ್ತು, ಒಂದು ಫೋಟೋ ಯಾರ ಹತ್ರಾನೂ ಇಲ್ಲ. ಇದ್ರೂ ಮದುವೆ ದಿಬ್ಬಣದ ಫೋಟೋದ ಹಿಂದೆ ಅಕಸ್ಮಾತ್ತಾಗಿ ಅರ್ಧ ಬೋರ್ಡು ಬಿದ್ದಿರತ್ತೆ, ಅಷ್ಟೆ. ಕಾರವಾರದಲ್ಲಿ ಒಂದು ಸ್ಟುಡಿಯೋದವರು ಮುಚ್ಚೋ ಮುಂದೆ ಹಳೆ ನೆಗೆಟಿವ್ ಎಲ್ಲಾ ಗುಜರಿಗೆ ಹಾಕಿದ್ರು, ನಾನು ಹೋಗೋ ಹೊತ್ತಿಗೆ ಒಂದು ದಿನ ತಡ ಆಗಿತ್ತು. ಆ ಹೊಟ್ಟೆ ಉರಿ ಇನ್ನೂ ಆರಿಲ್ಲ ನನಗೆ. ಇಲ್ಲಿ ಶಿರಸೀಲೇ ಮೊದಮೊದ್ಲು ಸೂಪರ್ ಮಾರ್ಕೆಟ್ ಅಂತ ಆದಾಗ ನಮ್ಮತ್ತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿದ್ರು, ಸಾಮಾನಿಗೆ ಕೈ ಹಾಕೋಕೆ ಹೆದರಿ "ಯಾರೂ ಕೊಡ್ತ್ವಿಲ್ಯಲಾ" ಅಂತ ಅರ್ಧ ಗಂಟೆ ನಿಂತೇ ಇದ್ರು. ಇದನ್ನ ಯಾವ ಸ್ಮರಣ ಸಂಚಿಕೆ ಹಾಕತ್ತೆ ಹೇಳಿ?

ಸಂತೆ ಬಗ್ಗೆ ಬರೆಸಿ ಅಂದ್ರಿ. ಬರೆಸ್ತೀನಿ, ಬರೋದೆಲ್ಲ ಒಂದೇ ಥರ ಇರತ್ತೆ ಅನ್ನೋದೇ ಗೋಳು. ಕಾರವಾರದ ಭಾನುವಾರದ ಸಂತೆ, ಕುಮಟೆಯ ಬುಧವಾರದ ಸಂತೆ, ಶಿರಸಿ ಮಂಗಳವಾರದ್ದು, ಎಲ್ಲಾದರಲ್ಲೂ ಅದೇ "ಬಣ್ಣ ಬಣ್ಣದ ತರಕಾರಿ", ಅದೇ "ಹಾಲಕ್ಕಿ ಅಜ್ಜಿಯ ನಗು". ಸೊಪ್ಪು ಮಾರೋ ಆ ಹಾಲಕ್ಕಿ ಒಕ್ಕಲಿಗರ ಅಜ್ಜಿ ಎಷ್ಟು ಹೊತ್ತಿಗೆ ಮನೆ ಬಿಟ್ಲು, ಬಸಳೆ ಸೊಪ್ಪಿನ ಒಂದು ಕಟ್ಟಿಗೆ ಎಷ್ಟು ಹೇಳಿದ್ಲು, ಎಷ್ಟಕ್ಕೆ ಇಳಿದ್ಲು, ಉಳಿದಿದ್ದನ್ನ ಏನು ಮಾಡಿದ್ಲು, ಅದನ್ನ ಕೇಳಿ ಬರೆದೋರು ಒಬ್ಬರಿಲ್ಲ. ಮಾಲಿನ ಹುಡುಗಿ ಅಂಗೈ ಮೇಲಿನ ಪುಟದ ನಂಬರು ಬರೆದ್ಲು. ಅದಕ್ಕೇ ನಾಲ್ಕು ಪುಟ ಅವಳಿಗೆ.

ಕೊನೇದಾಗಿ ಸ್ವಲ್ಪ ಜಗಳ. ನಿಮ್ಮ ಪತ್ರದಲ್ಲಿ "ಆ ಕಾಲ ಮತ್ತೆ ಬರೋದಿಲ್ಲ" ಅಂತ ಐದು ಕಡೆ ಇದೆ, ಎಣಿಸಿದೆ. ಅದರ ಮಧ್ಯೆ, ಮಡಿಕೆ ಮೇಲೆ, ಅರ್ಧ ಅಳಿಸಿದ ಹಾಗೆ ಒಂದು ಸಾಲು: ಮೊದಲ ಪಗಾರದಲ್ಲಿ ಪೇಟೇಲಿ ಎಚ್‌ಎಂಟಿ ವಾಚು ತಗೊಂಡೆ, ಅಂಗಡಿಯವರು ಬೆಲ್ಟಿಗೆ ಇನ್ನೊಂದು ತೂತು ಹೊಡೆದು ಕೊಟ್ರು, ನನ್ನ ಕೈ ಅಷ್ಟು ಸಣ್ಣ ಇತ್ತು. ಇಷ್ಟೇ ಬರೆದು ಮುಂದೆ ಮತ್ತೆ ಮಾಲಿಗೆ ಬೈಯೋಕೆ ಹೋಗಿದೀರಿ! ಆ ತೂತು ಏನಲ್ಲಿ ಹೊಡೆದ್ರು, ಮೊಳೇಲೋ ದಬ್ಬಣದಲ್ಲೋ? ವಾಚಿಗೆ ಎಷ್ಟು, ಪಗಾರ ಎಷ್ಟು, ಕಂತಿತ್ತಾ? ಮುಂದಿನ ಸಂಚಿಕೇಲಿ ಎರಡು ಪುಟ ಖಾಲಿ ಬಿಟ್ಟಿದೀನಿ, 20ನೇ ತಾರೀಕಿನೊಳಗೆ ಕಳ್ಸಿ, ಈ ಸಲ ಇನ್‌ಲ್ಯಾಂಡ್ ಬೇಡ, ಫುಲ್‌ಸ್ಕೇಪ್ ತಗೊಳ್ಳಿ. ವಾಚಿನಂಗಡಿ ಎದುರಿಗಿದ್ದಿದ್ದು ಬಟ್ಟೆ ಅಂಗಡಿಯೋ ಬೇಕರಿಯೋ ಅಂತ ಮರ್ತಿದ್ರೆ ಅಕ್ಕೋರನ್ನ ಕೇಳಿ, ಅವರಿಗೆ ಖಂಡಿತ ನೆನಪಿರತ್ತೆ.