ಬಿಸಿಎ ಮೊದಲ ವರ್ಷದಲ್ಲಿ ಕಂಪ್ಯೂಟರ್ ಜೊತೆಗೇ ಡಿಸ್ಕ್ರೀಟ್ ಗಣಿತ ಏಕೆ ಕಲಿಯಬೇಕು?

ಏಕೆಂದರೆ ಕಂಪ್ಯೂಟರಿಗೆ ನೀವು ಕೊಡುವ ಪ್ರತಿ ಷರತ್ತೂ ಈ ಗಣಿತದ ವಾಕ್ಯವೇ. ಡಿಸ್ಕ್ರೀಟ್ ಗಣಿತ ಅಂದರೆ ಬಿಡಿಬಿಡಿಯಾಗಿ ಎಣಿಸಬಹುದಾದವುಗಳ ಗಣಿತ: ತರ್ಕ, ಗಣ, ಎಣಿಕೆ, ಗ್ರಾಫ್.

ನಮ್ಮ ಕೊಡಗಿನ ತೋಟದ ಲೆಕ್ಕವನ್ನೇ ಎಕ್ಸೆಲ್‌ಗೆ ಹಾಕಿ ನೋಡಿ. ಕಾಫಿ ನಾಲ್ಕು ಬಗೆ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ. (ಪಲ್ಪ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ತೆಗೆದು, ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಹಾಗೇ ಒಣಗಿಸಿದ್ದು ಚೆರ್ರಿ.) ಅರೇಬಿಕಾ ಪಾರ್ಚ್‌ಮೆಂಟ್ ಮಾರಿಯಾಯಿತು, ಅದೊಂದನ್ನು ಬಿಟ್ಟು ಉಳಿದದ್ದರ ಪಟ್ಟಿ ಬೇಕು ಅಂದುಕೊಳ್ಳಿ. ‘ಅರೇಬಿಕಾ ಅಲ್ಲ ಮತ್ತು ಪಾರ್ಚ್‌ಮೆಂಟ್ ಅಲ್ಲ’ ಎಂದು ಸೂತ್ರ ಬರೆದರೆ ರೋಬಸ್ಟಾ ಚೆರ್ರಿ ಒಂದೇ ಉಳಿಯುತ್ತದೆ. ಇನ್ನೆರಡು ಬಗೆಯ ಮೂಟೆಗಳು ಲೆಕ್ಕದಿಂದಲೇ ಮಾಯ. ‘ಮತ್ತು’ ತೆಗೆದು ‘ಅಥವಾ’ ಹಾಕಿ, ಮೂರೂ ಬರುತ್ತವೆ. ಜೋಡಿ ಷರತ್ತನ್ನು ಒಟ್ಟಾಗಿ ಅಲ್ಲಗಳೆದಾಗ ‘ಮತ್ತು’ ಇದ್ದದ್ದು ‘ಅಥವಾ’ ಆಗುತ್ತದೆ. ಇದೇ ಡಿ ಮಾರ್ಗನ್ ನಿಯಮ. ಇದಕ್ಕೆ ಹೆಸರು ಕೊಟ್ಟ ಗಣಿತಜ್ಞ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ನಮ್ಮ ಪಕ್ಕದ ತಮಿಳುನಾಡಿನ ಮಧುರೈಯಲ್ಲಿ!

ಪುಸ್ತಕದಲ್ಲಿ ಈ ನಿಯಮ ಓದಿ ಮರೆಯುವವರೇ ಹೆಚ್ಚು. ತರಗತಿಯಲ್ಲಿ ಕಲಿತ ದಿನವೇ ಸಂಜೆ ಅದನ್ನು ಶೀಟ್‌ನಲ್ಲಿ ಮಾಡಿ ನೋಡಿ, ನಾಲ್ಕು ಸಾಲು ಸಾಕು.