ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ಬಾರ್ನ್ ಟು ರನ್’ ಹಾಡಿನ ಅರ್ಥವೇನು?

ಮೇಲ್ನೋಟಕ್ಕೆ ಕಾರು, ವೇಗ, ಪ್ರೇಮಗಳ ಹಾಡು. ಆದರೆ 1975ರ ಈ ಹಾಡಿನ ಒಡಲಲ್ಲಿರುವುದು ಉಸಿರುಗಟ್ಟಿಸುವ ಊರು. ಸ್ಪ್ರಿಂಗ್‌ಸ್ಟೀನ್ ಬೆಳೆದದ್ದು ನ್ಯೂಜೆರ್ಸಿಯ ಫ್ರೀಹೋಲ್ಡ್ ಎಂಬ ದುಡಿಯುವ ಜನರ ಪಟ್ಟಣದಲ್ಲಿ. ಹಾಡಿನಲ್ಲಿ ಬರುವ ಒಂಬತ್ತನೇ ಹೆದ್ದಾರಿ ಅಲ್ಲಿಯೇ ಹಾದುಹೋಗುತ್ತದೆ. ವಯಸ್ಸಿರುವಾಗಲೇ ಇಲ್ಲಿಂದ ಹೊರಬೀಳೋಣ ಎಂದು ಹಾಡಿನ ನಾಯಕ ತನ್ನ ಪ್ರೇಯಸಿ ವೆಂಡಿಯನ್ನು ಅಂಗಲಾಚುತ್ತಾನೆ.

ನನ್ನನ್ನು ಕಾಡುವುದು ಕೊನೆಯ ಚರಣ. ಹೆದ್ದಾರಿಯ ತುಂಬ ಮನಸ್ಸು ಮುರಿದವರೇ. ಎಲ್ಲರೂ ಓಡುತ್ತಿದ್ದಾರೆ, ಅಡಗಲು ಜಾಗವಿಲ್ಲ. ಇಬ್ಬರೂ ಬಿಸಿಲಲ್ಲಿ ನಡೆಯುವ ದಿನ ಬಂದೇ ಬರುತ್ತದೆ ಎನ್ನುತ್ತಾನೆ, ಯಾವಾಗ ಎಂದು ಅವನಿಗೂ ಗೊತ್ತಿಲ್ಲ. ಅವರು ಎಲ್ಲಿಗಾದರೂ ತಲುಪಿದ್ದನ್ನು ಹಾಡು ತೋರಿಸುವುದೇ ಇಲ್ಲ. ಇಷ್ಟು ಜನರನ್ನು ಕಾರು ಹತ್ತಿಸಿದ ಮೇಲೆ ಅವರಿಗೊಂದು ನೆಲೆ ಹುಡುಕುವ ಹೊಣೆಯೂ ತನ್ನದಾಯಿತು ಎಂದು ಸ್ಪ್ರಿಂಗ್‌ಸ್ಟೀನ್ ಮುಂದೆ 1988ರಲ್ಲಿ ವೇದಿಕೆಯ ಮೇಲೆ ಹೇಳಿದ್ದರು.