ಜಾಮ್ ಆದಾಗಲೇ ಗಾಡಿಗಳ ಲೆಕ್ಕ ಕಡಿಮೆ ಬರುವುದೇಕೆ?

ಪ್ರಶ್ನೆ: ಮಾರತ್ತಹಳ್ಳಿ ಹತ್ತಿರ ಹೊರವರ್ತುಲ ರಸ್ತೆಯ ಸ್ಕೈವಾಕ್ ಮೇಲೆ ನಿಂತು ನಾವು ನಾಲ್ಕು ಜನ ಗಾಡಿ ಎಣಿಸಿದೆವು. ಬೆಳಿಗ್ಗೆ 9ಕ್ಕೆ ರಸ್ತೆ ತುಂಬಿ ನಿಂತಿತ್ತು. ಆದರೂ ಕಾಲು ಗಂಟೆಯಲ್ಲಿ ದಾಟಿದ ಗಾಡಿಗಳು ಬೆಳಿಗ್ಗೆ 7 ಗಂಟೆಯ ಎಣಿಕೆಗಿಂತ ಕಡಿಮೆ! ಎಣಿಕೆ ತಪ್ಪಿತೇ? ರಸ್ತೆಯ ಸಾಮರ್ಥ್ಯವನ್ನು ಎಂಜಿನಿಯರ್‌ಗಳು ಅಳೆಯುವುದು ಹೇಗೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಎಣಿಕೆ ತಪ್ಪಿಲ್ಲ. ಆದರೆ ಬರೀ ಎಣಿಕೆಯಿಂದ ರಸ್ತೆಯ ಸ್ಥಿತಿ ತಿಳಿಯುವುದಿಲ್ಲ.

ರಸ್ತೆ ತುಂಬಿದಂತೆ ವೇಗ ಹೇಗೆ ಇಳಿಯುತ್ತದೆ ಎಂದು ಮೊದಲು ಅಳೆದು ತೋರಿಸಿದವರು ಅಮೆರಿಕದ ಎಂಜಿನಿಯರ್ ಬ್ರೂಸ್ ಗ್ರೀನ್‌ಶೀಲ್ಡ್ಸ್. 1930ರ ದಶಕದಲ್ಲಿ ಅವರು ಓಹಾಯೋ ರಾಜ್ಯದ ರಸ್ತೆ ಪಕ್ಕ ಸಿನಿಮಾ ಕ್ಯಾಮೆರಾ ಇಟ್ಟು, ಸಮನಾದ ಸಮಯದ ಅಂತರದಲ್ಲಿ ಚಿತ್ರ ತೆಗೆದರು. ಎರಡು ಚಿತ್ರಗಳ ನಡುವೆ ಕಾರು ಎಷ್ಟು ಸರಿಯಿತು ಎಂಬುದರಿಂದ ವೇಗ ಸಿಕ್ಕಿತು; ಚಿತ್ರದಲ್ಲಿ ಎಷ್ಟು ಕಾರುಗಳಿವೆ ಎಂಬುದರಿಂದ ಸಾಂದ್ರತೆ, ಅಂದರೆ ಕಿ.ಮೀ.ಗೆ ಎಷ್ಟು ಗಾಡಿ ಎಂಬುದು. ಸಾಂದ್ರತೆ ಏರಿದಂತೆ ವೇಗ ನೇರ ಗೆರೆಯಲ್ಲಿ ಇಳಿಯುತ್ತದೆ ಎಂದು 1935ರ ಪ್ರಬಂಧದಲ್ಲಿ ಹೇಳಿದರು. ಆ ಗೆರೆ ಎಳೆಯಲು ಅವರ ಬಳಿ ಇದ್ದ ಅಳತೆಯ ಬಿಂದುಗಳು ಬೆರಳೆಣಿಕೆಯಷ್ಟೇ. ಗೆರೆ ಅಷ್ಟು ನೇರವಲ್ಲ ಎಂದು ಆಮೇಲೆ ಗೊತ್ತಾಯಿತು. ಆದರೂ ನಿಮ್ಮ ಒಗಟು ಬಿಡಿಸಲು ಅದು ಸಾಕು.

ಒಂದು ಲೇನ್ ಲೆಕ್ಕ ಹಾಕಿ. ಖಾಲಿ ಇದ್ದಾಗ ವೇಗ ಗಂಟೆಗೆ 60 ಕಿ.ಮೀ., ಪೂರ್ತಿ ನಿಂತಾಗ ಕಿ.ಮೀ.ಗೆ 120 ಗಾಡಿ ಎಂದಿಟ್ಟುಕೊಳ್ಳಿ. ಕಿ.ಮೀ.ಗೆ 20 ಗಾಡಿ ಇದ್ದರೆ ವೇಗ 50. ಗಂಟೆಗೆ ದಾಟುವುದು 1,000. ಕಿ.ಮೀ.ಗೆ 100 ಇದ್ದರೆ ವೇಗ 10. ಆಗಲೂ ದಾಟುವುದು 1,000! ಗರಿಷ್ಠ ಸಿಗುವುದು ನಡುವೆ: 60 ಗಾಡಿ, ವೇಗ 30, ಹರಿವು 1,800. ಅದೇ ಸಾಮರ್ಥ್ಯ. ಸಾಂದ್ರತೆ ಏರಿದಂತೆ ಹರಿವು ಹೀಗೆ ಗುಡ್ಡದಂತೆ ಏರಿ ಇಳಿಯುತ್ತದೆ; ನೀವು 9ಕ್ಕೆ ಕಂಡದ್ದು ಆ ಗುಡ್ಡದ ಆಚೆ ಬದಿ.

ಹಾಗಾಗಿ ಎಣಿಕೆಯ ಜೊತೆ ವೇಗವನ್ನೂ ಅಳೆಯಿರಿ. ಟೇಪ್ ಹಿಡಿದು ಫುಟ್‌ಪಾತ್ ಮೇಲೆ 100 ಮೀಟರ್ ಗುರುತು ಹಾಕಿ, ಮೇಲಿಂದ ಮೊಬೈಲ್‌ನಲ್ಲಿ ವಿಡಿಯೊ ತೆಗೆಯಿರಿ. ಪ್ರತಿ ಗಾಡಿಗೆ ಹಿಡಿದ ಸೆಕೆಂಡುಗಳ ಸರಾಸರಿ ತೆಗೆಯಬೇಕು, ವೇಗಗಳದ್ದಲ್ಲ. ಒಂದು ಗಾಡಿಗೆ 6 ಸೆಕೆಂಡು (ಗಂಟೆಗೆ 60 ಕಿ.ಮೀ.), ಇನ್ನೊಂದಕ್ಕೆ 18 (ಗಂಟೆಗೆ 20) ಹಿಡಿದರೆ ಸರಾಸರಿ 12 ಸೆಕೆಂಡು, ವೇಗ 30 ಆಗುತ್ತದೆ, 40 ಅಲ್ಲ. ಎಷ್ಟೋ ಪ್ರಾಜೆಕ್ಟ್ ವರದಿಗಳು ಎಡವುವುದು ಇಲ್ಲೇ.

ಇನ್ನು ನಮ್ಮೂರಿನ ತಲೆನೋವು: ಸ್ಕೂಟರ್, ಆಟೊ, ಬಿಎಂಟಿಸಿ ಬಸ್ ಎಲ್ಲ ಒಟ್ಟಿಗೆ. ಎಲ್ಲವನ್ನೂ ಕಾರಿನ ಲೆಕ್ಕಕ್ಕೆ, ಅಂದರೆ ಪಿಸಿಯುಗೆ (ಪ್ಯಾಸೆಂಜರ್ ಕಾರ್ ಯೂನಿಟ್; ಒಂದು ಕಾರು = 1), ತರಬೇಕು. ರಸ್ತೆ ಮಾನದಂಡಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ನಗರ ರಸ್ತೆ ಮಾರ್ಗಸೂಚಿ ಪ್ರಕಾರ, ಒಟ್ಟು ಗಾಡಿಗಳಲ್ಲಿ ದ್ವಿಚಕ್ರಗಳ ಪಾಲು ಶೇ 10 ಅಥವಾ ಹೆಚ್ಚಿದ್ದರೆ ತಲಾ 0.75, ಆಟೊಗೂ ಹಾಗೇ ಇದ್ದರೆ 2.0, ಬಸ್–ಲಾರಿ ಶೇ 5ರಷ್ಟಿದ್ದರೆ 2.2. ಕಾಲು ಗಂಟೆಯಲ್ಲಿ 200 ಬೈಕ್, 120 ಕಾರು, 40 ಆಟೊ, 20 ಬಸ್ ದಾಟಿದರೆ 150+120+80+44, ಅಂದರೆ 394 ಪಿಸಿಯು, ಗಂಟೆಗೆ 1,576. ವಿಭಜಕವಿರುವ ನಾಲ್ಕು ಲೇನ್ ಮುಖ್ಯರಸ್ತೆಗೆ ಅದೇ ಮಾರ್ಗಸೂಚಿ ಎರಡೂ ಬದಿ ಸೇರಿ ಗಂಟೆಗೆ 3,600 ಪಿಸಿಯು ಎನ್ನುತ್ತದೆ, ಒಂದು ಬದಿಯ ಎರಡು ಲೇನ್‌ಗೆ 1,800. ಇದು ವಿನ್ಯಾಸಕ್ಕೆ ಹಿಡಿಯುವ ಪ್ರಮಾಣ, ಮೇಲೆ ಹೇಳಿದ ಗರಿಷ್ಠ ಸಾಮರ್ಥ್ಯವಲ್ಲ.

ಬೈಕಿಗೆ 0.75 ಹೆಚ್ಚಾಯಿತು ಎನ್ನುವುದು ನಮ್ಮ ಅಭಿಪ್ರಾಯ. ಕಾರು ಆಕ್ರಮಿಸುವುದು 5.39 ಚದರ ಮೀಟರ್, ಬೈಕು 1.20. ವೇಗ ಒಂದೇ ಇದ್ದರೆ ಬೈಕಿನ ಪಾಲು 0.22 ಮಾತ್ರ. ಹೀಗೆ ವೇಗ ಮತ್ತು ಜಾಗ ಎರಡನ್ನೂ ಹಿಡಿದು ಲೆಕ್ಕ ಹಾಕುವುದು ಈಗಿನ ರೂಢಿ. ಮೈಕ್ರೊಸಾಫ್ಟ್ ಎಕ್ಸೆಲ್‌ನಲ್ಲಿ ಮಾರ್ಗಸೂಚಿಯ ಲೆಕ್ಕಕ್ಕೊಂದು, ಈ ಲೆಕ್ಕಕ್ಕೊಂದು ಕಾಲಂ ಇಟ್ಟು ಹೋಲಿಸಿ. ಗಾಡಿ ಎಣಿಸಲು ರಸ್ತೆಗೆ ಅಡ್ಡ ಹಾಸುವ ಗಾಳಿ ಕೊಳವೆಯನ್ನಂತೂ ನಂಬಬೇಡಿ: ಅದು ಎಣಿಸುವುದು ಚಕ್ರಗಳ ಅಚ್ಚುಗಳನ್ನು (ಆಕ್ಸಲ್), ಪಕ್ಕಪಕ್ಕ ಬಂದ ಎರಡು ಬೈಕು ಅದಕ್ಕೆ ಒಂದೇ.

ಕೊನೆಯದಾಗಿ ನಿಂತ ಜಾಗ. ನಿಮ್ಮ ಸ್ಕೈವಾಕ್ ಮುಂದಿನ ಜಂಕ್ಷನ್‌ನಿಂದ ಹಿಂದಕ್ಕೆ ಬೆಳೆದ ಸಾಲಿನೊಳಗಿದ್ದರೆ, ಸಿಕ್ಕ ಸಂಖ್ಯೆ ಆ ಜಂಕ್ಷನ್ ಬಿಟ್ಟುಕೊಟ್ಟಷ್ಟೇ. ಸಾಲು ಬಿಡಿಸಿಕೊಂಡು ಗಾಡಿಗಳು ಓಡಲು ಶುರುಮಾಡುವ ಜಾಗಕ್ಕೆ ಹೋಗಿ, ಅಲ್ಲಿ ಮತ್ತೆ ಎಣಿಸಿ. ಅಡಚಣೆ ಎಷ್ಟು ಬಿಡುತ್ತಿದೆ ಎಂಬುದು ಅಲ್ಲಿ ಸಿಗುತ್ತದೆ.